ಮುಂಜಾನೆ ಮಿನುಗಿ ಸಂಜಿಕ ಮಾಯ ಆಗೋ ಗೇರ್‌ಬಾಕ್ಸ್ ದೀಪ: ಹಳೆ ಆಟೋಮ್ಯಾಟಿಕ್ ಕಾರು, ಧಾರವಾಡ

ಸಪ್ತಾಪುರದಾಂವ | ನವೆಂಬರ್ 6, ರಾತ್ರಿ 9:52

ಭಾಳ ದಿನದಿಂದ ಇಲ್ಲೆ ಓದಕೋತ ಕುಂತೀನ್ರಿ, ಬರಿಯೂದು ಇದ ಮೊದಲ. ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೋರಿ.

ಗಾಡಿ 2010ರ ಪೆಟ್ರೋಲ್ ಸೆಡಾನ್, ಐದು ಗೇರಿನ ಆಟೋಮ್ಯಾಟಿಕ್. ಅಪ್ಪಾರು ತಗೊಂಡದ್ದು, ಈಗ ನನ್ನ ಕೈಯಾಗ ಐತಿ. 1,08,000 ಕಿ.ಮೀ. ಓಡೇತಿ. ಇಷ್ಟು ವರ್ಷ ಎಣ್ಣಿ, ಟಾಯರು ಬಿಟ್ರ ಏನೂ ಬೇಡಿಲ್ಲ ಪಾಪ.

ಒಂದು ವಾರದಿಂದ ಮೀಟರಿನ್ಯಾಗ ‘ಡಿ’ ಅಕ್ಷರ (ಗಾಡಿ ಮುಂದ ಓಡೋ ‘ಡ್ರೈವ್’ ಗುರ್ತು) ಮಿಣಮಿಣ ಅನ್ನಾಕ ಹತ್ತೇತಿ. ದಿನಾ ಅಲ್ಲ. ಮುಂಜಾನೆ ಎಂಟಕ್ಕ ಮನಿ ಬಿಟ್ರ ಜುಬಿಲಿ ಸರ್ಕಲ್ ಬರೂದ್ರಾಗ ಶುರು ಆಗ್ತೈತಿ, ಇಲ್ಲಾ ಟೋಲ್ ನಾಕಾ ದಾಟಿದ ಮ್ಯಾಲ. ಶುರು ಆತಂದ್ರ ಹುಬ್ಬಳ್ಳಿ ಮುಟ್ಟೋತನಕ ಹಂಗ ಮಿನುಗತೈತಿ, ಗೇರ್ ಬೀಳುವಾಗ ಒಂದೊಂದು ಸಲ ಧಡ್ ಅಂತೈತಿ. ವಿದ್ಯಾನಗರದಾಗ ಆಫೀಸಿನ ಮುಂದ ಆರಿಸಿ ಸಂಜಿಕ ಚಾಲೂ ಮಾಡಿದ್ರ ಏನೂ ಆಗೇ ಇಲ್ಲ ಅನ್ನೂವಂಗ ಬರತೈತಿ. ಮುಂಜಾನೆ ಹುಲಿ, ಸಂಜಿಕ ಹಸು.

ಹುಬ್ಬಳ್ಳ್ಯಾಗ ಒಂದು ಗ್ಯಾರೇಜಿಗೆ ಒಯ್ದಿದ್ದೆ. ಮಧ್ಯಾಹ್ನ ಆಗಿತ್ತು, ದೀಪ ಇರಲಿಲ್ಲ. ಮೇಸ್ತ್ರಿ ಐದು ನಿಮಿಷ ಓಡಿಸಿ ಬಂದು, “ಗೇರ್‌ಬಾಕ್ಸ್ ಕೈ ಕೊಡಾಕ ಹತ್ತೇತ್ರಿ ಸಾಹೇಬ್ರ. ಇಳಿಸಿ ಬಿಚ್ಚಬೇಕು, 70 ಸಾವಿರ ಹಿಡೀರಿ, ಒಳಗ ನೋಡಿದ ಮ್ಯಾಲ ಹೆಚ್ಚೂ ಆದೀತು” ಅಂದ. ಆ ರೊಕ್ಕ ಕೇಳಿ ಚಾ ಕುಡೀಲಿಲ್ಲ ಹೊಳ್ಳಿ ಬಂದೆ. ಏನು ಮಾಡ್ಲಿ ಹೇಳ್ರಿ.

ಬ್ಯಾಡಗಿ ಖಾರ | ನವೆಂಬರ್ 6, ರಾತ್ರಿ 10:15

ಮಾರ್ರಿ. ದೀಪ ಆರಿದ್ದಾಗ ಸಂಜಿಕ ತೋರಿಸಿ ಮಾರ್ರಿ.

ಬೆಂಗಳೂರಾಗ ಹುಬ್ಬಳ್ಳಿ | ನವೆಂಬರ್ 6, ರಾತ್ರಿ 10:40

ಮೇಲಿನವರ ಮಾತು ಬಿಡಿ. ‘ಡಿ’ ಮಿನುಗುತ್ತೆ ಅಂದರೆ ಹೋಂಡಾ ಇರಬೇಕು ಅಲ್ವಾ? ಅವರ ಹಳೆಯ ಆಟೋಮ್ಯಾಟಿಕ್‌ಗಳಲ್ಲಿ ಗೇರ್‌ಬಾಕ್ಸಿನ ತಕರಾರನ್ನ ಆ ಅಕ್ಷರವನ್ನೇ ಮಿನುಗಿಸಿ ಹೇಳ್ತಾರೆ. ಬೇರೆ ಕಂಪನಿಗಳಲ್ಲಿ ಗೇರ್ ಚಕ್ರದ ಚಿತ್ರ ಬರುತ್ತೆ, ಇಲ್ಲಾ ಎಂಜಿನ್ ದೀಪವೇ ಹತ್ತುತ್ತೆ.

ಗೇರ್‌ಬಾಕ್ಸ್ ಎಣ್ಣೆ ನೋಡಿದ್ರಾ? ಕಡ್ಡಿ ಇದ್ದರೆ ಎಳೆದು ಬಿಳಿ ಬಟ್ಟೆಗೆ ಒರೆಸಿ. ಕೆಂಪಗೆ ಇದ್ದರೆ ಸರಿ. ಕಾಫಿ ಡಿಕಾಕ್ಷನ್ ತರ ಕಪ್ಪಗಾಗಿ ಸುಟ್ಟ ವಾಸನೆ ಬಂದರೆ ನಿಮ್ಮ ಮೇಸ್ತ್ರಿ ಹೇಳಿದ್ದರಲ್ಲಿ ಸ್ವಲ್ಪ ನಿಜ ಇರಬಹುದು. ಒಂದು ವಿಷಯ: ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಓಡುತ್ತಿರುವಾಗಲೇ ಈ ಕಡ್ಡಿ ನೋಡಬೇಕು. ಹೋಂಡಾದಲ್ಲಿ ಹಾಗಲ್ಲ. ಗಾಡಿ ಚೆನ್ನಾಗಿ ಕಾಯಿಸಿ, ಸಮ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಒಂದು ನಿಮಿಷ ಆದಮೇಲೆ ಒಂದೂವರೆ ನಿಮಿಷದೊಳಗೆ ನೋಡಬೇಕು. ಇದು ಗೊತ್ತಿಲ್ಲದೆ ಎಷ್ಟೋ ಜನ ಹೆಚ್ಚಿಗೆ ಎಣ್ಣೆ ಹುಯ್ಸಿಕೊಂಡು ಬರ್ತಾರೆ.

ಸಪ್ತಾಪುರದಾಂವ | ನವೆಂಬರ್ 7, ಮುಂಜಾನೆ 7:10

ಹೌದ್ರಿ, ಅದ ಕಂಪನಿ. ಆದ್ರ ಕಾರಿನ್ನ ಬೈಯಾಂಗಿಲ್ಲ ನಾನು, ಹದಿಮೂರು ವರ್ಷ ದುಡದೈತಿ. ಎಣ್ಣಿ ನೋಡಿದೆ. ತಿಳಿಗೆಂಪು ಅಲ್ಲ, ಸ್ವಲ್ಪ ಕಂದು ತಿರಗೇತಿ, ವಾಸನಿ ಏನಿಲ್ಲ. ಮಟ್ಟ ಎರಡು ಗೆರಿ ನಡುವ ಐತಿ.

ಕೆಲಗೇರಿ ಅಕ್ಕ | ನವೆಂಬರ್ 7, ಮಧ್ಯಾಹ್ನ 1:25

ಗೇರ್‌ಬಾಕ್ಸ್ ಬಿಚ್ಚೋ ಮಾತು ಈಗ ಬ್ಯಾಡ. ನಾನು ಆಟೋಮೊಬೈಲ್ ಲ್ಯಾಬಿನ್ಯಾಗ ಕೆಲಸ ಮಾಡಾಕಿ, ಇಂಥವು ಭಾಳ ನೋಡೇನಿ.

ಮೊದಲ ಈ ದೀಪ ಅಂದ್ರ ಏನು ಅಂತ ತಿಳ್ಕೋರಿ. ಆಯಿಲ್ ದೀಪ ಹತ್ತಿತಂದ್ರ ಎಣ್ಣಿ ಒತ್ತಡ ಇಲ್ಲ ಅಂತ ಸೀದಾ ಅರ್ಥ. ಇದು ಹಂಗಲ್ಲ. ಗೇರ್‌ಬಾಕ್ಸಿನ ಒಳಗ ಹೊರಗ ಇರೋ ಸೆನ್ಸರ್, ಸ್ವಿಚ್, ಸೊಲೆನಾಯ್ಡ್‌ಗಳಿಂದ (ಕರೆಂಟಿನ ಮ್ಯಾಲ ಎಣ್ಣಿ ದಾರಿ ತಗದು ಮುಚ್ಚೋ ವಾಲ್ವ್) ಕಂಪ್ಯೂಟರಿಗೆ ಬರೋ ಮಾತು ಒಂದಕ್ಕೊಂದು ತಾಳಿ ಆಗದಿದ್ದಾಗ ಅದು “ನನಗ ತಿಳೀವಲ್ದು” ಅಂತ ದೀಪ ಹಚ್ಚತದ. ಕ್ಲಚ್ ಪ್ಲೇಟ್ ಸವದು ಜಾರಿದ್ರೂ ಹತ್ತತದ, ಒಂದು ವಾಯರ್ ಸಡಿಲಾದ್ರೂ ಹತ್ತತದ. ಹೊರಗಿಂದ ನೋಡಿದ್ರ ಎರಡೂ ಒಂದ ದೀಪ. ಹೊಸಬರು ಅಂಜೋದು ಅದಕ್ಕ, ಮೇಸ್ತ್ರಿಗೋಳು ಅಂಜಿಸೋದೂ ಅದಕ್ಕ.

ಗೊಂದಲ ಬಿತ್ತಂದ್ರ ಕಂಪ್ಯೂಟರ್ ಗೇರ್‌ಬಾಕ್ಸಿಗೆ ಪೆಟ್ಟಾಗಬಾರದಂತ ಕೆಲವು ಗೇರ್ ಬಿಟ್ಟು, ಒತ್ತಡ ಏರಿಸಿ ಓಡಸ್ತದ. ನಿಮಗ ಧಡ್ ಅನ್ನೋದು ಅದ ಇರಬಹುದು. ಗೇರ್‌ಬಾಕ್ಸ್ ಮುರದದ್ದಲ್ಲ, ಮುರೀಬಾರದಂತ ಮಾಡಿದ್ದು.

ಒಳಗಿನ ಸವೆತ ಆಗಿದ್ರ ಸಾಮಾನ್ಯವಾಗಿ ಎಣ್ಣಿ ಕಾದ ಮ್ಯಾಲ, ಏರು ಹತ್ತುವಾಗ, ಟ್ರಾಫಿಕ್ಕಿನ್ಯಾಗ ಹೆಚ್ಚು ಕಾಡ್ತದ. ನಿಮ್ಮದು ತಿರುಗು ಮುರುಗು. ತಂಪಿದ್ದಾಗ ಬರ್ತದ, ಕಾದ ಮ್ಯಾಲ ಹೊಸದಾಗಿ ಬರೂದಿಲ್ಲ. ನನಗ ವಾಯರಿಂಗ್, ಬ್ಯಾಟರಿ, ನೀರು, ಈ ಮೂರರ ಮ್ಯಾಲ ಸಂಶಯ.

ಮೊದಲ ಕೋಡ್ ಓದಿಸ್ರಿ, ಅಂದ್ರ ತಪ್ಪು ಕಂಡಾಗ ಕಂಪ್ಯೂಟರ್ ಬರದಿಟ್ಟುಕೊಳ್ಳೋ ನಂಬರ್. ಸ್ಟೇರಿಂಗಿನ ಕೆಳಗ ಓಬಿಡಿ ಸಾಕೆಟ್ ಇರ್ತದ, ಕೋಡ್ ಓದೋ ರೀಡರ್ ಅದಕ್ಕ ಹಚ್ಚೋದು. ಗೇರ್‌ಬಾಕ್ಸಿನ ಕೋಡ್ ಬಹುತೇಕ ಪಿ07 ಅಂತ ಶುರು ಆಗ್ತಾವ. ಬರೇ ಪಿ0700 ಬಂದ್ರ ಅದು ಬಾಗಲ ಬಡಿಯೂದು ಅಷ್ಟ, “ಗೇರ್‌ಬಾಕ್ಸ್ ಕಡೆ ಏನೋ ಐತಿ, ಒಳಗ ಹೋಗಿ ಕೇಳ್ರಿ” ಅಂತ. ಖರೇ ಕೋಡ್ ಅದರ ಹಿಂದ ಇರ್ತದ, ಸಸ್ತಾ ರೀಡರ್ ಕೆಲವು ಅಲ್ಲಿತನಕ ಹೋಗೂದಿಲ್ಲ. ಕೋಡ್ ಬರಕೊಳ್ಳೋ ತನಕ ಅಳಿಸಬ್ಯಾಡ್ರಿ, ಬ್ಯಾಟರಿ ಬಿಚ್ಚಬ್ಯಾಡ್ರಿ. ಇಂಥ ಹಳೆ ಗಾಡ್ಯಾಗ ಬ್ಯಾಟರಿ ಬಿಚ್ಚಿದ್ರ ಬಹುತೇಕ ಕೋಡೂ ಹೋಗ್ತಾವ.

ಆಮ್ಯಾಲ ಒಂದು ವಹಿ ಇಡ್ರಿ. ದೀಪ ಬಂದ ಹೊತ್ತು, ಇಬ್ಬನಿ ಇತ್ತೋ ಇಲ್ಲೋ, ಹಿಂದಿನ ರಾತ್ರಿ ಮಳಿ ಇತ್ತೋ ಇಲ್ಲೋ, ಎಷ್ಟು ಕಿಲೋಮೀಟರ್ ಆದ ಮ್ಯಾಲ ಬಂತು. ಇನ್ನೊಂದು, ದೀಪ ಶುರು ಆಗೋ ಮುಂಚೆ ಗಾಡಿಗೆ ಏನಾದ್ರೂ ಮಾಡಿಸಿದ್ರ್ಯಾ?

ಸಪ್ತಾಪುರದಾಂವ | ನವೆಂಬರ್ 7, ಸಂಜಿ 6:48

ಅಕ್ಕಾರ, ನೀವು ಬರಿಯೂದ್ರಾಗ ನಾನು ತಪ್ಪು ಮಾಡಿ ಬಿಟ್ಟೆ. ಮುಂಜಾನೆ ಸೆಲ್ಫ್ ಭಾಳ ಜಡ ಹೊಡೀತು, ಬ್ಯಾಟರಿಗೆ ಐದು ವರ್ಷ ಆಗಿತ್ತು. ಹಾದ್ಯಾಗ ಅಂಗಡಿಗೆ ಹೋಗಿ ಹೊಸಾದು ಹಾಕಿಸಿದೆ. ಅದ ಕಾರಣ ಇರಬೇಕು ಬಿಡ್ರಿ, ಸಂಜಿಕೂ ಮಿನುಗಿಲ್ಲ.

ಏನೂ ಮಾಡಿಸಿರಲಿಲ್ರಿ. ಸರ್ವಿಸ್ ಮಾಡಿಸಿ ನಾಕು ತಿಂಗಳಾತು.

ಕೆಲಗೇರಿ ಅಕ್ಕ | ನವೆಂಬರ್ 7, ರಾತ್ರಿ 8:02

ಆತು. ಕೋಡ್ ಹೋದ್ವು. ಸಾಕ್ಷಿಗೆ ಎಳ್ಳು ನೀರು ಬಿಟ್ಟಂಗ ಆತು.

ಬ್ಯಾಟರಿಯೂ ಕಾರಣ ಆಗಬಹುದು, ಇಲ್ಲ ಅನ್ನಂಗಿಲ್ಲ. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ 9ಕ್ಕ ಇಳಿದ್ರ ಕಂಪ್ಯೂಟರ್ ಅರ್ಧ ನಿದ್ದಿಗಣ್ಣಾಗ ಏಳ್ತದ, ಸುಳ್ಳ ದೀಪ ಹಚ್ಚತದ. ಮಲ್ಟಿಮೀಟರ್ ಇದ್ರ ನೋಡ್ರಿ. ರಾತ್ರಿ ನಿಂತ ಗಾಡಿ 12.6ರ ಆಸುಪಾಸು, ಎಂಜಿನ್ ಓಡುವಾಗ 13.8ರಿಂದ 14.4. ಬರೋಬ್ಬರಿ ಇದ್ರ ಒಂದೆರಡು ವಾರ ತಡೀರಿ.

ಉಣಕಲ್ ಕೆರಿ | ನವೆಂಬರ್ 8, ಮುಂಜಾನೆ 9:30

ಇಲಿ ನೋಡಿದ್ರಿ? ನಮ್ಮ ಗಾಡ್ಯಾಗ ಇಲಿ ಹೊಕ್ಕು ಸೆನ್ಸರ್ ವಾಯರ್ ಕಡದಿತ್ತು. ಬಾನೆಟ್ ತಗದ್ರ ಅರ್ಧ ತಿಂದ ರೊಟ್ಟಿ ಚೂರು ಬ್ಯಾಟರಿ ಮ್ಯಾಲ. ಈಗ ತಂಬಾಕಿನ ಎಲಿ ಬಟ್ಟ್ಯಾಗ ಕಟ್ಟಿ ಇಟ್ಟೀನಿ, ಬಂದಿಲ್ಲ.

ಬ್ಯಾಡಗಿ ಖಾರ | ನವೆಂಬರ್ 8, ಮುಂಜಾನೆ 9:41

ನಮ್ಮ ಇಲಿ ತಂಬಾಕು ತಿಂದು ಉಗುಳಿ ಹೋಗ್ಯಾವ. ಮೆಣಸಿನಕಾಯಿ ಪುಡಿ ಹಾಕಿ ನೋಡಿದೆ, ಬ್ಲೋವರ್ ಹಚ್ಚಿದಾಗ ಮನಿಮಂದಿ ಎಲ್ಲಾ ಸೀನಿದ್ವಿ.

ಗದಗ ಹಾದಿ | ನವೆಂಬರ್ 9, ರಾತ್ರಿ 9:05

ನಂದೂ ಇದ ಕಥಿ. 2015ರ ಹ್ಯಾಚ್‌ಬ್ಯಾಕ್, ಎಎಂಟಿ. ಸಿಗ್ನಲ್‌ನ್ಯಾಗ ಗೇರ್ ದೀಪ ಹತ್ತಿ ಒಮ್ಮೊಮ್ಮೆ ನ್ಯೂಟ್ರಲ್ಲಿಗೆ ಬೀಳತೈತಿ. ಬ್ಯಾಟರಿ ಬದಲಿಸಿದ್ರ ಆದೀತೇನು?

ಬೆಂಗಳೂರಾಗ ಹುಬ್ಬಳ್ಳಿ | ನವೆಂಬರ್ 9, ರಾತ್ರಿ 9:50

ಇದೇ ಕಥೆ ಅಲ್ಲ ಗುರುಗಳೇ. ಎಎಂಟಿ ಅಂದರೆ ಮಾಮೂಲಿ ಗೇರ್‌ಬಾಕ್ಸು, ಮಾಮೂಲಿ ಕ್ಲಚ್ಚು. ಕ್ಲಚ್ ಒತ್ತೋ ಕಾಲು, ಗೇರ್ ಹಾಕೋ ಕೈ ಎರಡೂ ಯಂತ್ರದ್ದು, ಅಷ್ಟೇ. ಅಲ್ಲಿ ಕ್ಲಚ್ ಸವೆದಿರೋದು, ಆಕ್ಚುಯೇಟರಿನ ಎಣ್ಣೆ ಕಡಿಮೆ ಆಗಿರೋದು ಮೊದಲು ನೋಡಬೇಕು. ಇವರದ್ದು ಟಾರ್ಕ್ ಕನ್ವರ್ಟರ್, ಅಂದರೆ ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಎಂಜಿನ್ನಿನ ಬಲ ದಾಟಿಸೋದು, ಒಳಗೆ ಎಣ್ಣೆಯ ಒತ್ತಡದಲ್ಲೇ ಎಲ್ಲ ನಡೆಯೋದು. ಚಾಲನೆಯಲ್ಲೇ ನ್ಯೂಟ್ರಲ್‌ಗೆ ಬೀಳುತ್ತೆ ಅಂದರೆ ಹೈವೇಗೆ ಒಯ್ಯಬೇಡಿ, ಮೊದಲು ತೋರಿಸಿ. ಬೇರೆ ಚರ್ಚೆ ತೆರೆಯಿರಿ, ಅಲ್ಲೇ ಮಾತಾಡೋಣ.

ಗದಗ ಹಾದಿ | ನವೆಂಬರ್ 9, ರಾತ್ರಿ 9:58

ಆತ್ರಿ, ಬೇರೆ ತಗೀತೀನಿ. ಹೋಗ್ತ ಒಂದು ಮಾತು: ಲಕ್ಷ ದಾಟಿದ ಆಟೋಮ್ಯಾಟಿಕ್‌ಗೆ ಎಣ್ಣಿ ಬದಲಿಸಬಾರದು, ಬದಲಿಸಿದ್ರ ಗೇರ್ ಜಾರಾಕ ಹತ್ತತೈತಿ ಅಂತ ನಮ್ಮ ಮೇಸ್ತ್ರಿ ಅಂತಾನ. ಖರೇನು?

ಬೆಂಗಳೂರಾಗ ಹುಬ್ಬಳ್ಳಿ | ನವೆಂಬರ್ 9, ರಾತ್ರಿ 10:20

ಅರ್ಧ ಸತ್ಯ. ಮೊದಲೇ ಸವೆದು ಜಾರುತ್ತಿರೋ ಗೇರ್‌ಬಾಕ್ಸಿಗೆ ಹೊಸ ಎಣ್ಣೆ ಹಾಕಿಸಿ ಬಂದವರು ಎಣ್ಣೆಯನ್ನ ಬೈತಾರೆ. ಮಷಿನ್ ಹಚ್ಚಿ ಒತ್ತಡದಿಂದ ತೊಳೆಸೋದಕ್ಕೆ ನನ್ನದೂ ವಿರೋಧ ಇದೆ. ಕೆಳಗಿನ ಬೋಲ್ಟ್ ಬಿಚ್ಚಿ ಇಳಿದಷ್ಟು ಇಳಿಸಿ, ಅಷ್ಟೇ ಅಳೆದು ಹುಯ್ಯಬೇಕು. ಒಮ್ಮೆಗೆ ಅರ್ಧಕ್ಕಿಂತ ಕಡಿಮೆ ಇಳಿಯುತ್ತೆ, ಉಳಿದದ್ದು ಕನ್ವರ್ಟರಿನಲ್ಲೇ ಇರುತ್ತೆ. ಅದಕ್ಕೇ ಕೆಲವು ನೂರು ಕಿಲೋಮೀಟರ್ ಓಡಿಸಿ ಎರಡು ಮೂರು ಸಲ ಮಾಡೋದು. ಹೋಂಡಾಗೆ ಮೊದಲು ಝಡ್‌1 ಅಂತ ಎಣ್ಣೆ ಇತ್ತು, ಆಮೇಲೆ ಡಿಡಬ್ಲ್ಯೂ-1 ಬಂತು. ಅಂಗಡಿಯವನು “ಎಲ್ಲಾ ಒಂದೇ” ಅಂದರೆ ನಂಬಬೇಡಿ.

ಡಿಪೋ ವಾಯರ್‌ಮನ್ | ನವೆಂಬರ್ 10, ಮುಂಜಾನೆ 6:15

ಎಣ್ಣಿ ಬದಲಿಸಿದ್ರ ವಾಯರ್ ರಿಪೇರಿ ಆಗಂಗಿಲ್ಲ. ನಾನು ಬಸ್ ಡಿಪೋದಾಗ 31 ವರ್ಷ ವಾಯರಿಂಗ್ ಮಾಡೀನಿ, ಈಗ ರಿಟೈರು. ದೀಪ ಹೊಳ್ಳಿ ಬರ್ತೈತಿ ನೋಡ್ಕೋತ ಇರ್ರಿ. ತಾನ ಬಂದ ಬ್ಯಾನಿ ತಾನ ಹೋಗಬಹುದು, ವಾಯರಿನ ಬ್ಯಾನಿ ಹಂಗ ಹೋಗಂಗಿಲ್ಲ.

ಸಪ್ತಾಪುರದಾಂವ | ನವೆಂಬರ್ 19, ಮುಂಜಾನೆ 10:30

ಕಾಕಾ, ನಿಮ್ಮ ಬಾಯಿಗೆ ಸಕ್ಕರಿ ಹಾಕಬೇಕೋ ಮೆಣಸಿನಕಾಯಿ ಹಾಕಬೇಕೋ ತಿಳೀವಲ್ದು. ದೀಪಾವಳಿ ಮುಗಿಸಿ ಹನ್ನೆರಡು ದಿನ ಛಲೋ ಓಡ್ತು. ನಿನ್ನೆ ರಾತ್ರಿ ಜಿಟಿಜಿಟಿ ಮಳಿ ಬಂತಲ್ಲ, ಇವತ್ತು ಗೇಟ್ ದಾಟೂದ್ರಾಗ ಮಿನುಗಾಕ ಹತ್ತೇತಿ. ಬ್ಯಾಟರಿ 12.6, ಚಾಲೂ ಇದ್ದಾಗ 14.1. ಅದರದ್ದೇನೂ ತಪ್ಪಿಲ್ಲ.

ಈ ಸಲ ಕೈ ಹಚ್ಚಿಲ್ಲ. ಆಫೀಸಿನ ಹುಡುಗನ ಹತ್ರ ಬ್ಲೂಟೂತ್ ರೀಡರ್ ಇತ್ತು, ಅದನ್ನ ಹಾಕಿ ಮೊಬೈಲಿನ್ಯಾಗ ನೋಡಿದೆ. ಪಿ0706 ಒಂದ ಬಂದೈತಿ. ‘ಟ್ರಾನ್ಸ್‌ಮಿಷನ್ ರೇಂಜ್ ಸೆನ್ಸರ್’ ಅಂತೇನೋ ತೋರಸ್ತೈತಿ.

ಬ್ಯಾಡಗಿ ಖಾರ | ನವೆಂಬರ್ 19, ಮುಂಜಾನೆ 10:44

ಟ್ರಾನ್ಸ್‌ಮಿಷನ್ ಅಂತ ಬಂತಲ್ಲಪಾ. 70 ಸಾವಿರ ತಗದಿಡು.

ಕೆಲಗೇರಿ ಅಕ್ಕ | ನವೆಂಬರ್ 19, ಮಧ್ಯಾಹ್ನ 12:10

ಖಾರದವರ, ಸ್ವಲ್ಪ ಸುಮ್ಮನಿರ್ರಿ. ಇದು ಈ ಚರ್ಚ್ಯಾಗ ಬಂದ ಮೊದಲನೇ ಛಲೋ ಸುದ್ದಿ.

ಆ ಸೆನ್ಸರ್ ಅಂದ್ರ ರೇಂಜ್ ಸ್ವಿಚ್, ನಿಮ್ಮಂಥ ಗಾಡ್ಯಾಗ ಅದು ಗೇರ್‌ಬಾಕ್ಸಿನ ಹೊರಗ ಇರ್ತದ, ಒಳಗಲ್ಲ. ನೀವು ಲಿವರ್ ಎಳದಾಗ ಕೇಬಲ್ ಹೋಗಿ ಗೇರ್‌ಬಾಕ್ಸಿನ ಒಂದು ಕಂಬಿ ತಿರುಗಸ್ತದ. ಆ ಕಂಬಿ ಮ್ಯಾಲ ಈ ಸ್ವಿಚ್ ಕೂತಿರ್ತದ. ಪಿ (ಪಾರ್ಕ್), ಆರ್ (ರಿವರ್ಸ್), ಎನ್ (ನ್ಯೂಟ್ರಲ್), ಡಿ (ಡ್ರೈವ್) ಒಂದೊಂದಕ್ಕೂ ಒಳಗ ಒಂದೊಂದು ಸಂಪರ್ಕ. ಲಿವರ್ ಎಲ್ಲೆ ಐತಿ ಅಂತ ಕಂಪ್ಯೂಟರಿಗೆ ಹೇಳೂದು ಇದ. ಒಂದ ಹೊತ್ತಿಗೆ ಎರಡು ಸಂಪರ್ಕ ಕೂಡಿದ್ರ ಪಿ0705 ಬರ್ತದ. ಯಾವುದೂ ಕೂಡದಿದ್ರ, ಇಲ್ಲಾ ಬಂದ ಮಾತು ಓಡೋ ಗಾಡಿಗೆ ತಾಳಿ ಆಗದಿದ್ರ ಪಿ0706. ಅಂದ್ರ ನಿಮ್ಮ ಕಂಪ್ಯೂಟರ್ “ಗಾಡಿ ಮುಂದ ಹೊಂಟದ, ಆದ್ರ ಲಿವರ್ ಎಲ್ಲದ?” ಅಂತ ಕೇಳಾಕ ಹತ್ತದ.

ಕೈಯಾಗ ಉಪಕರಣ ಇಲ್ಲದ ನೋಡೋ ಪರೀಕ್ಷೆ ಹೇಳ್ತೀನಿ. ನಾಳೆ ಮುಂಜಾನೆ ತಂಪಿದ್ದಾಗ, ಹ್ಯಾಂಡ್‌ಬ್ರೇಕ್ ಎಳದು, ಚಕ್ರಕ್ಕ ಕಲ್ಲು ಕೊಟ್ಟು, ಕಾಲು ಬ್ರೇಕ್ ಮ್ಯಾಲ ಇಟ್ಟು, ಲಿವರ್ ನಿಧಾನಕ ಒಂದೊಂದ ಮನಿ ಇಳಿಸ್ರಿ. ಮೀಟರಿನ್ಯಾಗ ಪ್ರತಿ ಅಕ್ಷರ ಸರಿಯಾಗಿ ಬರ್ತದೋ, ಎರಡು ಒಮ್ಮೆ ಹತ್ತತಾವೋ, ಯಾವುದಾದ್ರೂ ಮನ್ಯಾಗ ಕತ್ತಲ ಆಗ್ತದೋ ನೋಡ್ರಿ. ಪಿ-ದಾಗ ಸೆಲ್ಫ್ ಹೊಡೀದ ಎನ್-ದಾಗ ಹೊಡದ್ರ ಅದೂ ಇದರದ್ದ ಗುರ್ತು. ಆರ್-ದಾಗ ಹಿಂದಿನ ಬಿಳಿ ದೀಪ ಹತ್ತತದೋ ಇಲ್ಲೋ ಯಾರಿಗಾದ್ರೂ ನೋಡಾಕ ಹೇಳ್ರಿ.

ಸಪ್ತಾಪುರದಾಂವ | ನವೆಂಬರ್ 20, ಮುಂಜಾನೆ 8:20

ಅಕ್ಕಾರ, ಇದನ್ನ ಬರೀಬೇಕಂದ್ರ ನಗುನೂ ಬರ್ತೈತಿ, ನಾಚಿಕಿನೂ ಬರ್ತೈತಿ.

ನಮ್ಮ ಗಾಡಿಗೆ ಅಪ್ಪಾರು ರಿವರ್ಸಿಗೆ ಒಂದು ರಾಗದ ಹಾರ್ನ್ ಹಾಕಿಸಿದ್ರು, ಓಣ್ಯಾಗ ಹುಡುಗ್ರು ಅಡ್ಡ ಬರ್ತಾವಂತ. ನನಗದು ಎಂದೂ ಸೇರಿಲ್ಲ, ಕೇಳಿದ್ರೂ ಕೇಳದಂಗ ಇರ್ತೀನಿ. ಇವತ್ತು ಹಿಂದಿನ ದೀಪ ನೋಡು ಅಂತ ಅವ್ವನ್ನ ಕರದೆ. ಅಕಿ ಪಡಸಾಲಿ ಬಿಟ್ಟು ಏಳಲೇ ಇಲ್ಲ. “ದೀಪ ಯಾಕ ನೋಡಬೇಕೋ? ಶೀಗಿ ಹುಣ್ಣಿವಿ ಆದಾಗಿಂದ ಮುಂಜಾನೆ ನಿನ್ನ ಗಾಡಿ ಹಿಂದ ಬರುವಾಗ ಹಾಡಂಗಿಲ್ಲ. ಸಂಜಿಕ ಹಾಡತೈತಿ. ನೀನ ಬಂದ್ ಮಾಡಿಸೀಯಂತ ಸುಮ್ಮನಿದ್ದೆ” ಅಂದ್ಲು.

ದೀಪಾನೂ ನೋಡಿದೆ. ಆರ್-ದಾಗ ಬಿಳಿ ದೀಪ ಇಲ್ಲ, ಮೀಟರಿನ್ಯಾಗ ಆರ್ ಅಕ್ಷರ ಇಲ್ಲ. ಲಿವರ್ ಒಂದು ಸ್ವಲ್ಪ ಅಲ್ಲಾಡಿಸಿದ್ರ ಚಕ್ ಅಂತ ಹತ್ತಿ, ಹಾರ್ನ್ ಅರ್ಧ ರಾಗ ಹಾಡಿ ನಿಂತ್ಬಿಡ್ತು.

ಡಿಪೋ ವಾಯರ್‌ಮನ್ | ನವೆಂಬರ್ 20, ಮುಂಜಾನೆ 8:55

ತಾಯಿಯವರಿಗೆ ನಮಸ್ಕಾರ ಹೇಳ್ರಿ. ಅವರ ಮೊದಲ ಮೆಕ್ಯಾನಿಕ್.

ಶೀಗಿ ಹುಣ್ಣಿವಿಗೆ ಗಾಡಿ ಎಲ್ಲಿಗೆ ಹೋಗಿತ್ತು?

ಸಪ್ತಾಪುರದಾಂವ | ನವೆಂಬರ್ 20, ಮುಂಜಾನೆ 9:10

ಅಣ್ಣಿಗೇರಿ ಹತ್ರ ನಮ್ಮ ಮಾವನವರ ಹೊಲಕ್ಕ ಹೋಗಿದ್ವಿ, ಚರಗ ಚೆಲ್ಲಾಕ. ಹಿಂದಿನ ದಿನ ಮಳಿ ಆಗಿತ್ತು. ಎರಿ ಹೊಲದ ದಂಡಿಗೆ ಗಾಡಿ ಹುಗದು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳದ್ವಿ. ಮಡ್‌ಗಾರ್ಡಿನ ಒಳಗ, ಎಂಜಿನ್ ಕೆಳಗ ಎಲ್ಲಾ ಎರಿ ಮಣ್ಣು. ಮರುದಿನ ವಾಟರ್ ಸರ್ವಿಸ್ ಮಾಡಿಸಿದೆ. ಬಾನೆಟ್ ತಗಿಸಿ ಒಳಗೂ ಹೊಡಿ ಅಂತ ನಾನ ಹೇಳಿದ್ದೆ.

ಕೆಲಗೇರಿ ಅಕ್ಕ | ನವೆಂಬರ್ 20, ಮುಂಜಾನೆ 9:14

“ಏನೂ ಮಾಡಿಸಿರಲಿಲ್ರಿ.” ನವೆಂಬರ್ 7, ಸಂಜಿ 6:48. ಇಲ್ಲೇ ಮ್ಯಾಲ ಅದ.

ಸಪ್ತಾಪುರದಾಂವ | ನವೆಂಬರ್ 20, ಮುಂಜಾನೆ 9:16

ತೊಳಿಸೂದು ಮಾಡಿಸಿದಂಗ ಅಂತ ನನಗೇನ್ ಗೊತ್ತ್ರಿ ಅಕ್ಕಾರ...

ಡಿಪೋ ವಾಯರ್‌ಮನ್ | ನವೆಂಬರ್ 20, ಮುಂಜಾನೆ 9:40

ಎರಿ ಮಣ್ಣಿನ ಸ್ವಭಾವ ತಿಳಕೋರಿ. ಹಸಿ ಇದ್ದಾಗ ಉಬ್ಬಿ ಅಂಟಿಕೋತೈತಿ, ಒಣಗಿದ್ರ ಕುಗ್ಗಿ ಬಿರೀತೈತಿ. ಕನೆಕ್ಟರಿನ ಮ್ಯಾಲ ಹೆಂಟಿ ಕುಂತ್ರ ರಾತ್ರಿ ಇಬ್ಬನಿ ಹೀರಿಕೊಂಡು ಮುಂಜಾನೆ ತನಕ ಹಸಿ ಹಿಡದಿರತೈತಿ. ಎಂಜಿನ್ ಕಾದ ಮ್ಯಾಲ ಒಣಗತೈತಿ. ನವಲಗುಂದದ ಕಡೆ ಓಡೋ ಬಸ್ಸಿನ್ಯಾಗ ಮಳಿಗಾಲದಾಗ ನನಗ ಇದ ಕೆಲಸ ಇರ್ತಿತ್ತು. ಇದರ ಮ್ಯಾಲ ಪ್ರೆಶರ್ ನೀರು ಹೊಡದ್ರ ಮಣ್ಣು ಹೋಗೂ ಬದಲಿ ನೀರು ಕರಕೊಂಡು ಒಳಗ ಹೊಕ್ಕತೈತಿ.

ನಾನೂ ಧಾರವಾಡದಾಗ ಇರ್ತೀನಿ. ರವಿವಾರ ಮುಂಜಾನೆ ಖಾಲಿ ಅದೀನಿ. ಕಾಂಟ್ಯಾಕ್ಟ್ ಕ್ಲೀನರ್ (ವಾಯರಿನ ಪಿನ್ ತೊಳಿಯೋ ಸ್ಪ್ರೇ) ಒಂದು ಡಬ್ಬಿ ತಂದಿಟ್ಟಿರ್ರಿ. ಬಾಗಲ ಕೀಲಿಗೆ ಹೊಡೀತಾರಲ್ಲ, ಆ ತುಕ್ಕಿನ ಎಣ್ಣಿ ಸ್ಪ್ರೇ ಬ್ಯಾಡ, ಅದು ಜಿಡ್ಡು ಬಿಡತೈತಿ, ಧೂಳಿ ಹಿಡೀತೈತಿ. ರೊಕ್ಕದ ಮಾತು ಬ್ಯಾಡ, ಗಿರ್ಮಿಟ್ ಮಾಡಿಸ್ರಿ.

ಉಣಕಲ್ ಕೆರಿ | ನವೆಂಬರ್ 20, ಮುಂಜಾನೆ 9:52

ಗಿರ್ಮಿಟ್ ಅಂದ್ರ ನಾನೂ ಬರ್ತೀನಿ.

ಸಪ್ತಾಪುರದಾಂವ | ನವೆಂಬರ್ 26, ಮಧ್ಯಾಹ್ನ 2:35

ಎಲ್ಲಾರೂ ಕಾಯಾಕ ಹತ್ತೀರಿ ಅಂತ ಗೊತ್ತು, ಅದಕ್ಕ ಊಟ ಮಾಡಿದವ್ನ ಕುಂತು ಬರೀತೀನಿ.

ಕಾಕಾ ಏಳೂವರಿಗೆ ಬಂದ್ರು. ಬಾನೆಟ್ ತಗದವರ ವಾಯರಿಗೆ ಕೈ ಹಚ್ಚಲಿಲ್ಲ. ಮೊದಲ ಮಲ್ಟಿಮೀಟರ್ ತಗದು ಒಂದು ಕಡ್ಡಿ ಬ್ಯಾಟರಿಯ ಮೈನಸ್ ಮ್ಯಾಲ, ಇನ್ನೊಂದು ಗೇರ್‌ಬಾಕ್ಸಿನ ಮೈಗೆ ಇಟ್ಟು ನನಗ ಸೆಲ್ಫ್ ಹೊಡಿ ಅಂದ್ರು. 0.08 ವೋಲ್ಟ್ ಬಂತು. “0.2ರ ಮ್ಯಾಲ ಹೋಗಿದ್ರ ಅರ್ಥ್ ಪಟ್ಟಿ ಸರಿ ಇಲ್ಲ ಅಂತ ಅರ್ಥ. ನಿಂದು ಸರಿ ಐತಿ. ಇದನ್ನ ನೋಡದ ಎಷ್ಟೋ ಮಂದಿ ಸುಮ್ಮನ ಸೆನ್ಸರ್ ಬದಲಿಸ್ತಾರ” ಅಂದ್ರು.

ಆಮ್ಯಾಲ ಮೊಬೈಲಿನ್ಯಾಗ ಲಿವರಿನ ಜಾಗ ತೋರಸೋ ಲೈವ್ ಪರದೆ ಹಚ್ಚಿ ನನ್ನ ಒಳಗ ಕುಂದರ್ಸಿದ್ರು. ಇಗ್ನಿಷನ್ ಅಷ್ಟ, ಎಂಜಿನ್ ಇಲ್ಲ. ಅವರು ಹೊರಗಿಂದ ವಾಯರಿನ ಜುಟ್ಟು ಹಿಡದು ಒಂದೊಂದ ಗೇಣು ಅಲ್ಲಾಡಿಸ್ಕೋತ ಹೋದ್ರು. ಬ್ಯಾಟರಿ ಹತ್ರ ಏನಿಲ್ಲ. ಏರ್ ಫಿಲ್ಟರ್ ಡಬ್ಬಿ ತಗದು ಅದರ ಕೆಳಗ ಕೈ ಹಾಕಿದಾಗ ಡಿ ಹೋಗಿ ಖಾಲಿ ಗೆರಿ ಬಂತು. ನಾನು ಒದರಿದೆ. ಹೊಳ್ಳಿ ಅಲ್ಲಾಡಿಸಿದ್ರು, ಡಿ ಬಂತು. ಮತ್ತ ಹೋತು. ಮೂರು ವಾರ ನನ್ನ ನಿದ್ದಿ ಕೆಡಸಿದ್ದು ಅವರ ಎರಡು ಬೆರಳಿನ ನಡುವ ಇತ್ತು.

ಕನೆಕ್ಟರ್ ಕಾಣಸಲೇ ಇಲ್ಲ ಮೊದಲ. ಗ್ವಾಡಿಗೆ ಗಿಲಾಯಿ ಮಾಡಿದಂಗ ಒಣಗಿದ ಎರಿ ಮಣ್ಣು. ಕಾಕಾ ಹಳೆ ಹಲ್ಲುಜ್ಜೋ ಬ್ರಷ್ಷಿನಿಂದ ಒಣ ಮಣ್ಣು ಉದುರಿಸಿದ್ರು, ನೀರು ಹಚ್ಚಾಕ ಬಿಡಲಿಲ್ಲ. ಬ್ಯಾಟರಿ ಮೈನಸ್ ತಗದು (ಕೋಡ್ ಬರಕೊಂಡಿದ್ವಿ ಅಕ್ಕಾರ, ಈ ಸಲ!) ಕನೆಕ್ಟರಿನ ಗುಬ್ಬಿ ಒತ್ತಿ ಎಳದ್ರು. ಒಳಗಿಂದ ಎರಡು ಹನಿ ನೀರು ಅವರ ಅಂಗೈಗೆ ಬಿತ್ತು. ಹೊಲದಿಂದ ಬಂದು ಹೆಚ್ಚೂಕಮ್ಮಿ ತಿಂಗಳಾಗಿತ್ತು, ಇನ್ನೂ ನೀರು. ಎರಡು ಪಿನ್ನಿಗೆ ಹಸರ ಕಿಲುಬು, ದೇವರ ಮನಿ ತಾಮ್ರದ ತಂಬಗಿ ತಿಕ್ಕದ ಬಿಟ್ಟಂಗ. ರಬ್ಬರ್ ಸೀಲ್ ಒಂದು ಮಗ್ಗಲಿಗೆ ಸೀಳಿತ್ತು.

ಉಸುಕಿನ ಕಾಗದ ಕೊಡ್ಲೇನು ಅಂದೆ. ಬೈದ್ರು. ಪಿನ್ನಿನ ಮ್ಯಾಲಿನ ಲೇಪ ಹೋತಂದ್ರ ಆರು ತಿಂಗಳಿಗೆ ಮತ್ತ ಕಿಲುಬು ಹಿಡೀತೈತಂತ. ಕ್ಲೀನರ್ ಹೊಡದು, ಬ್ರಷ್ಷಿನಿಂದ ಮೆತ್ತಗ ತಿಕ್ಕಿ, ಮತ್ತ ಹೊಡದು, ಮನಿಯಾಕಿಯ ಹೇರ್ ಡ್ರೈಯರ್ ತರಿಸಿ ಕಡಿಮಿ ಬಿಸಿಯಾಗ ಹತ್ತು ನಿಮಿಷ ಒಣಗಿಸಿದ್ರು. ಸೀಲಿನ ಅಂಚಿಗೆ ಮಾತ್ರ ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟ್ ಹರಿಸದ, ನೀರು ತಡಿಯೋ ಗ್ರೀಸ್) ಸವರಿ ಕೂಡಿಸಿದ್ರು. ಹೊಸಾ ಸೀಲ್ ಸಿಗೋತನಕ ಅಷ್ಟ.

ಬ್ಯಾಟರಿ ಹಚ್ಚಿ, ಕೋಡ್ ಅಳಿಸಿ, ಆರ್ ಹಾಕಿದ ಕೂಡ್ಲೇ ಹಾರ್ನ್ ಪೂರ್ತಿ ರಾಗ ಹಾಡ್ತು. ಒಳಗಿಂದ ಅವ್ವ “ಬಂತು ನೋಡು” ಅಂದ್ಲು.

ಖರ್ಚು: ಕ್ಲೀನರ್, ಗ್ರೀಸ್ ಕೂಡಿ 600 ರೂ. ಒಳಗ. ಗಿರ್ಮಿಟ್, ಮಿರ್ಚಿ, ಎರಡು ಸಲ ಚಾ ಬ್ಯಾರೆ. ಉಣಕಲ್ ಕೆರಿ ಅವರು ಖರೇನ ಬಂದಿದ್ರು, ಟಾರ್ಚ್ ಹಿಡದ್ರು, ಮೂರು ಪ್ಲೇಟ್ ತಿಂದ್ರು.

ಕೆಲಗೇರಿ ಅಕ್ಕ | ನವೆಂಬರ್ 26, ಸಂಜಿ 4:00

ಕಾಕಾರ ಕೆಲಸಕ್ಕ ನನ್ನ ಕಡೆಯಿಂದ ಶರಣು. ಆದ್ರ ‘ಮುಗೀತು’ ಅಂತ ಈಗ ಬರೀಬ್ಯಾಡ್ರಿ. ಬ್ಯಾಟರಿ ಹಾಕಿದಾಗಲೂ ಹನ್ನೆರಡು ದಿನ ಸುಮ್ಮನಿತ್ತು. ಸ್ವಿಚ್ಚಿನ ಒಳಗೂ ನೀರು ಹೋಗಿದ್ರ ಹೊರಗಿನ ಪಿನ್ ತೊಳದ್ರ ಸಾಲೂದಿಲ್ಲ. ಮಂಜು ಬೀಳೋ ದಿನ ದಾಟಲಿ.

ಡಿಪೋ ವಾಯರ್‌ಮನ್ | ನವೆಂಬರ್ 26, ಸಂಜಿ 5:20

ಅಕ್ಕಾರ ಮಾತು ಖರೆ. ಮತ್ತ ಬಂದ್ರ ಸ್ವಿಚ್ ಬದಲಿಸೂದ. ಹೊಸಾದು ಹಾಕುವಾಗ ಲಿವರ್ ಎನ್-ದಾಗ ಇಟ್ಟು ಗುರ್ತು ಕೂಡಿಸಿ ಬೋಲ್ಟ್ ಬಿಗೀಬೇಕು. ಒಂದು ಕೂದಲೆಳಿ ಸರದ್ರ ಹೊಸಾ ಸ್ವಿಚ್ಚೂ ಅದ ದೀಪ ಹಚ್ಚತೈತಿ, ಆಗ ಮತ್ತ ಗೇರ್‌ಬಾಕ್ಸ್ ಮ್ಯಾಲ ಗೂಬಿ ಕುಂದ್ರತೈತಿ.

ಸಪ್ತಾಪುರದಾಂವ | ಜನವರಿ 14, ಮುಂಜಾನೆ 11:05

ಎಳ್ಳು ಬೆಲ್ಲ ಎಲ್ಲಾರಿಗೂ. ಏಳು ವಾರ ಆತು, ಡಿಸೆಂಬರಿನ ಇಬ್ಬನಿ ಎಲ್ಲಾ ಕಳೀತು. ಒಮ್ಮೆಯೂ ಮಿನುಗಿಲ್ಲ. ಧಡ್ ಅನ್ನೋದೂ ನಿಂತೈತಿ. ಎಣ್ಣಿ ಎರಡು ಸಲ ಇಳಿಸಿ ಹಾಕಿಸೀನಿ, ಅದು ದೀಪಕ್ಕಲ್ಲ, ಕಂದು ಬಣ್ಣ ನೋಡಿ ಮನಸ್ಸು ತಡೀಲಿಲ್ಲ. ಕೆಳಗಿನ ಬೋಲ್ಟಿನ ಅಯಸ್ಕಾಂತಕ್ಕ ಕಾಡಿಗಿಯಂಥ ನುಣ್ಣನ ಮಸಿ ಅಷ್ಟ ಇತ್ತು, ಚೂರು ಇರಲಿಲ್ಲ.

ಬೆಂಗಳೂರಾಗ ಹುಬ್ಬಳ್ಳಿ | ಜನವರಿ 14, ಮಧ್ಯಾಹ್ನ 12:30

ಆ ಮಸಿ ಸಹಜ. ಉಗುರಿಗೆ ಸಿಗೋ ಲೋಹದ ಚೂರು ಬಂದಿದ್ದರೆ ಆ 70 ಸಾವಿರದ ಮಾತು ಆಡಬಹುದಿತ್ತು. ಸ್ವಿಚ್ ತರಿಸಿ ಇಟ್ಟುಕೊಳ್ಳಿ, ಹಳೇ ಗಾಡಿ, ಮುಂದೆ ಸಿಗದೇ ಹೋಗಬಹುದು.

ಹಾವೇರಿ ಹಾಲುಗಂಬ | ಏಪ್ರಿಲ್ 21, ರಾತ್ರಿ 8:40

ಹಳೆ ಚರ್ಚೆ ಎಬ್ಬಸ್ತೀನಿ, ಕ್ಷಮಿಸ್ರಿ. ನಂದೂ ಇಂಥದ ಹಳೆ ಆಟೋಮ್ಯಾಟಿಕ್, ದೀಪ ಬಂದು ಹೋಗಿ ಮಾಡತೈತಿ. ಆದ್ರ ನಂದು ಬಂಕಾಪುರ ದಾಟಿ ಹೈವೇದಾಗ ಅರ್ಧ ತಾಸು ಓಡಿದ ಮ್ಯಾಲ ಬರತೈತಿ. ಆರ್‌ಪಿಎಂ ಮುಳ್ಳು ಏರತೈತಿ, ಗಾಡಿ ಏರಂಗಿಲ್ಲ. ಕನೆಕ್ಟರ್ ತೊಳೀಲೇನು?

ಕೆಲಗೇರಿ ಅಕ್ಕ | ಏಪ್ರಿಲ್ 21, ರಾತ್ರಿ 9:15

ಬ್ಯಾಡ್ರಿ, ನಿಮ್ಮದು ಬ್ಯಾರೆ. ಕಾದ ಮ್ಯಾಲ ಬರೋದು, ಎಂಜಿನ್ ಒದರಿ ಗಾಡಿ ಓಡದಿರೋದು, ಇವು ಜಾರೋ ಲಕ್ಷಣ. ಮೊದಲ ಎಣ್ಣಿ ಮಟ್ಟ ಮತ್ತು ವಾಸನಿ, ಆಮ್ಯಾಲ ಕೋಡ್. ನೋಡಿಸೋ ತನಕ ಹೈವೇಗೆ ಒಯ್ಯಬ್ಯಾಡ್ರಿ. ಸುಟ್ಟ ವಾಸನಿ ಬಂದ್ರ ಅಲ್ಲೇ ನಿಲ್ಲಿಸಿ ಎತ್ತಿಸಿಕೊಂಡು ಹೋಗ್ರಿ. ಕೋಡ್ ಬಂದ ಮ್ಯಾಲ ಹೊಸ ಚರ್ಚೆ ತಗದು ಹಾಕ್ರಿ, ನೋಡ್ತೀನಿ. ಮತ್ತ, ಗಾಡಿಗೆ ಇತ್ತೀಚಿಗೆ ಏನೇನು ಮಾಡಿಸೀರಿ ಅನ್ನೋದು ಬರೀರಿ. ತೊಳಿಸಿದ್ದೂ ಸೇರಿಸಿ.

ಸಪ್ತಾಪುರದಾಂವ | ಏಪ್ರಿಲ್ 22, ಮುಂಜಾನೆ 8:30

ನನಗ ಚುಚ್ಚಿದ್ದು ತಿಳೀತು ಅಕ್ಕಾರ.

ಮೊನ್ನೆ ಧಾರವಾಡದಾಗ ಅಡ್ಡ ಮಳಿ ಜೋರ ಆತು, ಗಾಡಿ ರಾತ್ರಿಯೆಲ್ಲಾ ಹೊರಗ ತೋಯ್ದೈತಿ. ಮುಂಜಾನೆ ಚಾಲೂ ಮಾಡಿ ಆರ್ ಹಾಕಿ ಕಿಟಕಿ ಇಳಿಸಿ ಕೇಳ್ದೆ. ಹಾಡ್ತು. ಸ್ವಿಚ್ ಫೆಬ್ರುವರಿಯಾಗ ತರಿಸಿದ್ದು ಡಿಕ್ಕಿಯಾಗ ಹಂಗ ಐತಿ, ಡಬ್ಬಿ ಇನ್ನೂ ಒಡದಿಲ್ಲ. ಈ ವರ್ಷ ಚರಗಕ್ಕ ಮಾವನವರ ಟ್ರ್ಯಾಕ್ಟರಿನ್ಯಾಗ ಹೋಗೂದು ಅಂತ ಅವ್ವ ಈಗ ಹೇಳ್ಯಾಳ.